ಒಂದೇ ಉಂಗುರ, ಎರಡು ಕೆಲಸ

ಹಳೆಯ ಮ್ಯಾನುಯಲ್ ಜೂಮ್ ಲೆನ್ಸಿನ ರುಚಿ ಹತ್ತಬೇಕೆಂದರೆ ಅದನ್ನು ಅಂಗಡಿಯ ಕಪಾಟಿನಲ್ಲಿ ನೋಡಿ ಪ್ರಯೋಜನವಿಲ್ಲ, ಅಲಂಪುರಕ್ಕೆ ಒಯ್ಯಬೇಕು. ಗದ್ವಾಲ ಸೀಮೆಯ ಶಾಂತಿನಗರದವರಿಗೆ ಅದೇನು ದೂರವಲ್ಲ. ಅಲ್ಲಿ ತುಂಗಭದ್ರೆಯ ದಡದಲ್ಲಿ ಬಾದಾಮಿ ಚಾಲುಕ್ಯರ ವಿನಯಾದಿತ್ಯನ ಕಾಲದ (681–696) ಸ್ವರ್ಗಬ್ರಹ್ಮ ಗುಡಿಯಿದೆ. ಶಿಖರದ ಮೇಲಿನ ಆಮಲಕ ಚಿತ್ರದ ತುಂಬ ಬರಲಿ ಎಂದು ಗೋಡೆಯ ಬುಡಕ್ಕೇ ಹೋದರೆ ಆಮಲಕ ಮರೆಯಾಗುತ್ತದೆ, ಶಿಖರ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಜೂಮ್ ಸೋಮಾರಿಗಳ ಸಾಮಾನು, ಕಾಲಿದ್ದವರಿಗೆ ಅದೇಕೆ ಎಂಬ ತಕರಾರು ಇಲ್ಲೇ ಬಿದ್ದುಹೋಗುತ್ತದೆ. ಶಿಖರ ಎಷ್ಟು ದೊಡ್ಡದು, ಮುಂದಿನ ಮಂಟಪ ಅದಕ್ಕೆಷ್ಟು ಹತ್ತಿರ ಎಂದು ತೋರಿಸುವುದು ನಾವು ನಿಂತ ಜಾಗ. ಆ ಜಾಗದಿಂದ ಎಷ್ಟನ್ನು ಇಟ್ಟುಕೊಳ್ಳಬೇಕು, ಎಷ್ಟನ್ನು ಬಿಡಬೇಕು ಎನ್ನುವುದಷ್ಟೇ ಜೂಮಿನ ಪಾಲಿನದು. ಸರಿಯಾದ ಜಾಗ ಹುಡುಕಲು ಗುಡಿ ಸುತ್ತಲೇಬೇಕು.

ಹೊಸ ಲೆನ್ಸೂ ಈ ಕೆಲಸ ಮಾಡುತ್ತದೆ, ನಿಜ. ಹಳೆಯದರ ಸೆಳೆತ ಬೇರೆ ಕಡೆ ಇದೆ: ಅದು ಮಾಡುವ ಕೆಲಸವನ್ನು ಮೈಮೇಲೆ ಬರೆದುಕೊಂಡಿರುತ್ತದೆ. 1970ರ ಆಸುಪಾಸಿನಲ್ಲಿ ಬಂದ ನಿಕಾನ್ 80–200 ಎಫ್ 4.5 ಅನ್ನು ಕೈಗೆತ್ತಿಕೊಳ್ಳಿ. ಒಂದೇ ಅಗಲವಾದ ಉಂಗುರ. ತಿರುಗಿಸಿದರೆ ಫೋಕಸ್, ತನ್ನ ಕಡೆ ಎಳೆದರೆ 200, ಮುಂದಕ್ಕೆ ತಳ್ಳಿದರೆ 80. ಉಂಗುರದ ಹಿಂದೆ ಕೊಳವೆಯ ಮೇಲೆ ಬಣ್ಣಬಣ್ಣದ ಬಾಗಿದ ಗೆರೆಗಳು, 80ರ ಕಡೆ ಅಗಲ, 200ರ ಕಡೆ ಒತ್ತೊತ್ತು. ಅಪರ್ಚರ್ ಅಂಕೆ ಯಾವ ಬಣ್ಣದ್ದೋ ಆ ಬಣ್ಣದ ಜೋಡಿ ಗೆರೆಗಳ ನಡುವೆ ಬಿದ್ದ ದೂರವೆಲ್ಲ ಚಿತ್ರದಲ್ಲಿ ಸ್ಪಷ್ಟ. ಜೂಮ್ ಎಳೆದಂತೆ ಸ್ಪಷ್ಟತೆಯ ಪಟ್ಟಿ ಏಕೆ ಸಣ್ಣದಾಗುತ್ತದೆಂದು ಪಾಠ ಓದಬೇಕಿಲ್ಲ, ಕೈ ಎಳೆಯುವಾಗಲೇ ಗೆರೆಗಳು ಕೂಡುತ್ತ ಬರುವುದು ಕಾಣುತ್ತದೆ. ಇದರಿಂದಲೇ ಹಳಬರ ಒಂದು ವರಸೆ ಹುಟ್ಟಿತು. 200ಕ್ಕೆ ಎಳೆದು, ಆ ಸಣ್ಣ ಪಟ್ಟಿಯಲ್ಲಿ ಫೋಕಸ್ ಕೂರಿಸಿ, ಆಮೇಲೆ ಬೇಕಾದಷ್ಟು ಹಿಗ್ಗಿಸಿಕೊಳ್ಳುವುದು. ಒಳ್ಳೆಯ ಹಳೆಯ ಜೂಮಿನಲ್ಲಿ ಆಗ ಫೋಕಸ್ ಕದಲುವುದಿಲ್ಲ. ಮೋಟರು ಮತ್ತೆ ಮತ್ತೆ ಫೋಕಸ್ ಹಿಡಿಯುವ ಈ ಕಾಲದಲ್ಲಿ ಎಷ್ಟೋ ಹೊಸ ಜೂಮುಗಳಿಗೆ ಈ ಗುಣದ ಗರಜೇ ಇಲ್ಲ.

ಇದೆಲ್ಲ ಹಳೆಯದರ ಮೇಲಿನ ಮೋಹ ಎನ್ನುವವರಿಗೆ ಹಳೆಯ ಜೂಮುಗಳ ಚರಿತ್ರೆಯೇ ಸಾಕ್ಷಿ ಒದಗಿಸುತ್ತದೆ. ಸ್ಥಿರಚಿತ್ರದ ಎಸ್‌ಎಲ್‌ಆರ್‌ಗೆಂದು 1959ರಲ್ಲಿ ಬಂದ ಫೋಗ್ಟ್‌ಲೆಂಡರ್ ಜೂಮರ್ 36–82 ಭಾರೀ ತೂಕದ ಆಸಾಮಿ. 1963ರ ನಿಕಾನ್ 43–86 ಚೆನ್ನಾಗಿ ಮಾರಾಟವಾಯಿತು, ಜೊತೆಗೆ ಮಸುಕು ಚಿತ್ರದ ಅಪಖ್ಯಾತಿಯನ್ನೂ ಹೊತ್ತುಕೊಂಡಿತು. ಹಳೆಯದೆಲ್ಲ ಹೊನ್ನಲ್ಲ. ಗದ್ವಾಲ ಸೀರೆಯ ಹತ್ತಿ ಒಡಲಿಗೆ ರೇಷ್ಮೆ ದಡಿ ಕೂಡುವ ಗೆರೆಯನ್ನು ಅಪರ್ಚರ್ ಪೂರ್ತಿ ತೆರೆದು ತೆಗೆದು ನೋಡಿ: ಜರಿ ಮಿಂಚಿದಲ್ಲಿ ನೇರಳೆ ಅಂಚು, ಮೂಲೆಯಲ್ಲಿ ಎಳೆ ಕಲಸಿದಂತೆ. ಎಂಟಕ್ಕೆ ಇಳಿಸಿದರೆ ಎಳೆಎಳೆ ಬಿಡಿಸಿಕೊಳ್ಳುತ್ತದೆ. ಓಡುವ ಮಗುವಿಗೂ ಹಾರುವ ಹಕ್ಕಿಗೂ ಹೊಸ ಲೆನ್ಸೇ ಮೇಲು, ಅದರಲ್ಲಿ ವಾದವೇ ಇಲ್ಲ. ಕಲ್ಲು, ಮಗ್ಗ, ಕೂತು ಮಾತಾಡುವ ಮುಖ, ಇಂಥವು ನಮ್ಮ ಕೈಗೆ ಸಮಯ ಕೊಡುತ್ತವೆ. ಅಲ್ಲಿ ಲೆನ್ಸಿನ ದೋಷ ಯಾವ ಅಂಕೆಯಲ್ಲಿ ಶುರು, ಯಾವ ಅಂಕೆಯಲ್ಲಿ ಮುಗಿಯಿತು ಎಂದು ತಿಳಿದು ಬಳಸುವುದೇ ರಸಿಕತೆಯ ಅರ್ಧ ಪಾಲು.

ಕೊಳ್ಳುವಾಗ ಗಾಜಿನ ಹಿಂದಿನಿಂದ ಟಾರ್ಚ್ ಬಿಡಿ, ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಕೆಳಗಿಟ್ಟು ಬನ್ನಿ. ಮಿರರ್‌ಲೆಸ್ ಕ್ಯಾಮೆರಾಗೆ ಹಾಕುವವರು ಅಡಾಪ್ಟರಿನಲ್ಲಿ ಜಿಪುಣತನ ಮಾಡಬಾರದು. ನಿಕಾನ್ ಲೆನ್ಸಿಗೆ ಸೆನ್ಸರಿನಿಂದ 46.5 ಮಿ.ಮೀ. ದೂರ ಬೇಕು, ಸೋನಿ ಇ ಮೌಂಟಿನದು 18, ನಡುವಿನ 28.5 ತುಂಬುವುದು ಅಡಾಪ್ಟರು. ಅದು ಕೂದಲೆಳೆಯಷ್ಟು ತೆಳುವಾದರೂ 200ರಲ್ಲಿ ಕೂರಿಸಿದ ಫೋಕಸ್ 80ಕ್ಕೆ ಬರುವಷ್ಟರಲ್ಲಿ ತಪ್ಪಿರುತ್ತದೆ, ಬೈಗುಳ ಮಾತ್ರ ಲೆನ್ಸಿಗೆ. ಕೊನೆಗೆ ಲೆನ್ಸನ್ನು ಮುಖ ಕೆಳಗೆ ಮಾಡಿ ಹಿಡಿಯಿರಿ. ಉಂಗುರ ತಾನಾಗಿ ಜಾರಿದರೆ ಬೆಲೆ ಇಳಿಸಲು ಕಾರಣ ಸಿಕ್ಕಿತು, ಬಿಡಲು ಅಲ್ಲ. 1980ರ ನಿಕಾನ್ ಸೀರೀಸ್ ಇ 75–150 ಎಫ್ 3.5ಕ್ಕೆ ಈ ಜಾರುವ ರೋಗ ಜಗಜ್ಜಾಹೀರು. ಆದರೂ ಅದನ್ನು ಇಷ್ಟಪಡುವವರು ಕೊಳವೆಗೊಂದು ತುಂಡು ಟೇಪು ಅಂಟಿಸಿ ಬಳಸುತ್ತಲೇ ಇದ್ದಾರೆ.