ಪೇಷಂಟ್ ಕಡೆಯವರು

ವಿಮರ್ಶೆಯ ಕಣ್ಣಿಗೆ ಬೀಳದ ಗದ್ಯಪ್ರಕಾರವೊಂದು ನಮ್ಮಲ್ಲಿದೆ: ಆಸ್ಪತ್ರೆಯ ಡಿಸ್‌ಚಾರ್ಜ್ ಸಮ್ಮರಿ. ಬೈಪಾಸ್ ಆದವರ ಮನೆಗಳಲ್ಲಿ ಇದನ್ನು ಜಮೀನಿನ ಪತ್ರದಷ್ಟೇ ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿರುತ್ತಾರೆ. ಓದುವವರು ಮಾತ್ರ ಕಡಿಮೆ. ಭಾಷೆ ಇಂಗ್ಲಿಷ್, ಅದರೊಳಗೆ ಸಂಕ್ಷೇಪಾಕ್ಷರಗಳ ಇನ್ನೊಂದು ಭಾಷೆ. ದಿನಕ್ಕೆರಡು ಸಲ ಎನ್ನುವುದಕ್ಕೆ ಅಲ್ಲಿ ‘ಬಿ.ಡಿ.’ ಎಂದಿರುತ್ತದೆ, ಕನ್ನಡದ ಕಿವಿಗೆ ಅದು ‘ಬಿಡಿ’. ತಪ್ಪದೆ ನುಂಗಿ ಎಂಬ ಸೂಚನೆಯೇ ಬಿಟ್ಟುಬಿಡಿ ಎಂದಂತೆ ಕೇಳುತ್ತದೆ.

ಈ ಬರಹವನ್ನು ಯಾರಿಗಾಗಿ ಬರೆದದ್ದು ಎಂದು ಕೇಳಿಕೊಂಡರೆ, ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ಬರೆದ ಪತ್ರ ಇದು ಎಂದು ತಿಳಿಯುತ್ತದೆ. ರೋಗಿ ಇದರಲ್ಲಿ ಕರ್ಮಪದ. ನಾಳೆಯಿಂದ ಉಪ್ಪು ಅಳೆಯುವ, ಮಾತ್ರೆ ಎಣಿಸುವ, ಗಾಯ ನೋಡುವ ಹೆಂಡತಿಗೋ ಮಗನಿಗೋ ಇದರಲ್ಲಿ ಒಂದು ಸರ್ವನಾಮವೂ ಇಲ್ಲ. ವಾರ್ಡಿನ ಬಾಗಿಲಲ್ಲಿ ಅವರಿಗೊಂದು ಹೆಸರಿದೆ: ‘ಪೇಷಂಟ್ ಕಡೆಯವರು’. ರೋಗಿಯ ಪಕ್ಷದವರು ಎಂಬ ಅರ್ಥದಲ್ಲಿ ಬಂದ ಮಾತು. ‘ಕಡೆ’ಗೆ ಕೊನೆ ಎಂಬ ಅರ್ಥವೂ ಇದೆ. ದುಡ್ಡು ಕಟ್ಟಲು, ಸಹಿ ಹಾಕಲು, ರಕ್ತ ಹೊಂದಿಸಲು ಮೊದಲು ಕರೆಸಿಕೊಳ್ಳುವವರಿಗೆ ವಿಷಯ ತಿಳಿಯುವುದು ಕಡೆಗೇ.

ನಮ್ಮ ಸಾಹಿತ್ಯವೂ ಇವರನ್ನು ಕಂಡದ್ದು ಬೇರೆ ಬೆಳಕಿನಲ್ಲಿ. 1965ರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯ ರೋಗಿಷ್ಠ ಹೆಂಡತಿ ಭಾಗೀರಥಿಗೆ ದಿನವೂ ಸ್ನಾನ ಮಾಡಿಸುತ್ತಾನೆ, ಉಣಿಸುತ್ತಾನೆ, ಔಷಧ ಕೊಡುತ್ತಾನೆ. ಆದರೆ ಆ ಆರೈಕೆ ಅವನ ಮೋಕ್ಷದ ಸಾಧನೆ. ಭಾಗೀರಥಿಯ ದನಿ ಕಾದಂಬರಿಯಲ್ಲಿ ವಿರಳ. ಅನಂತಮೂರ್ತಿಯವರು ಇದನ್ನು ಅರಿತೇ ಬರೆದಿದ್ದಾರೆ, ಅದು ಕಾದಂಬರಿಯ ವ್ಯಂಗ್ಯದ ಭಾಗ. ಓದುಗರಾದ ನಾವು ಮಾತ್ರ ಆ ವ್ಯಂಗ್ಯವನ್ನು ಮನೆಗೆ ತಂದುಕೊಳ್ಳಲಿಲ್ಲ. ಆರೈಕೆಯೆಂದರೆ ಇಂದಿಗೂ ನಮಗೆ ಸೇವೆ, ತ್ಯಾಗ, ಋಣ. ಮಾಡುವವರ ಪುಣ್ಯದ ಲೆಕ್ಕ ಸಿಗುತ್ತದೆ, ಅದರಲ್ಲಿರುವ ವಿದ್ಯೆಯ ಲೆಕ್ಕ ಸಿಗುವುದಿಲ್ಲ.

ಈ ಹಿನ್ನೆಲೆಯಲ್ಲಿ ನಮ್ಮ ನೆಲದಲ್ಲೇ ಹುಟ್ಟಿದ ಒಂದು ಪ್ರಯೋಗ ನನಗೆ ಮುಖ್ಯವೆನಿಸುತ್ತದೆ. 2012ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ತರಗತಿಯ ಯೋಜನೆಯೊಂದರ ಭಾಗವಾಗಿ ನಾರಾಯಣ ಹೃದಯಾಲಯದ ಆಸ್ಪತ್ರೆಗಳಿಗೆ ಬಂದರು. ಅವರು ಗಮನಿಸಿದ್ದು ಕಾರಿಡಾರಿನಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂತ ಮನೆಯವರನ್ನು. ಆ ಕಾಯುವಿಕೆಯನ್ನೇ ಪಾಠದ ಹೊತ್ತಾಗಿಸಿದ ‘ಕೇರ್ ಕಂಪ್ಯಾನಿಯನ್’ ಕಾರ್ಯಕ್ರಮ ಮುಂದೆ ನೂರಾ ಹೆಲ್ತ್ ಎಂಬ ಸಂಸ್ಥೆಯಾಗಿ, ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಬಂತು. ನರ್ಸುಗಳು ಮನೆಯವರನ್ನು ಕೂರಿಸಿಕೊಂಡು, ವಿಡಿಯೊ ತೋರಿಸಿ, ಅವರ ಕೈಯಲ್ಲೇ ಮಾಡಿಸಿ ಕಲಿಸುತ್ತಾರೆ.

ಇಂಥ ಪಾಠಗಳ ವಾಕ್ಯರಚನೆಯೇ ಬೇರೆ. ಕೈ ಹೀಗೆ ತೊಳೆಯಿರಿ. ಕೆಮ್ಮುವಾಗ ಎದೆಗೆ ದಿಂಬು ಒತ್ತಿ ಹಿಡಿಯಲಿ. ಎದೆಯ ಮೂಳೆ ಕೂಡಿಕೊಳ್ಳಲು 6ರಿಂದ 8 ವಾರ ಬೇಕು, ತುಂಬಿದ ಕೊಡ ಎತ್ತಿಸಬೇಡಿ. ಹೃದಯ ಸೋತವರಲ್ಲಿ ಎರಡು ಮೂರು ದಿನದಲ್ಲಿ 2 ಕೆ.ಜಿ. ತೂಕ ಏರಿದರೆ ಅದು ಮೈ ತುಂಬಿಕೊಂಡದ್ದಲ್ಲ, ನೀರು ನಿಂತದ್ದು, ವೈದ್ಯರಿಗೆ ತಿಳಿಸಿ. ಇಲ್ಲಿ ಎಲ್ಲ ಕ್ರಿಯಾಪದಗಳಿಗೂ ಕರ್ತೃವಿದ್ದಾರೆ. ಹಪ್ಪಳ, ಉಪ್ಪಿನಕಾಯಿಗಳ ಹೆಸರಿಲ್ಲದೆ ‘ಉಪ್ಪು ಕಡಿಮೆ ಮಾಡಿ’ ಎಂದರೆ ನಮ್ಮ ಅಡುಗೆಮನೆಗೆ ಅದು ತಲುಪುವುದೂ ಇಲ್ಲ. ಒಳ್ಳೆಯ ಗದ್ಯಕ್ಕೆ ನಾವು ಕೇಳುವುದು ಈ ಖಚಿತತೆಯನ್ನೇ ಅಲ್ಲವೇ?

ಆದರೆ ನನಗೆ ಎರಡು ತಕರಾರುಗಳಿವೆ. ‘ಮನೆಯವರು’ ಎಂಬ ಬಹುವಚನದೊಳಗೆ ಬಹುತೇಕ ಒಬ್ಬ ಹೆಂಗಸಿದ್ದಾಳೆ. ಕೂಲಿ ಬಿಟ್ಟು ಬಂದ ಮಗಳಿಗೋ ಸೊಸೆಗೋ ವಿದ್ಯೆಯ ಜೊತೆ ಹೊಣೆಯೂ ಹೆಗಲೇರುತ್ತದೆ. ಗಾಯ ಕೀವಾದರೆ ‘ಹೇಳಿಕೊಟ್ಟಿದ್ದೆವಲ್ಲ’ ಎನ್ನುವುದು ಆಸ್ಪತ್ರೆಗೆ ಸುಲಭ. ಮನೆಯವರ ಕಲಿಕೆ ನರ್ಸುಗಳ ಸಂಖ್ಯೆ ತಗ್ಗಿಸುವ ನೆಪವಾಗಬಾರದು. ಎರಡನೆಯದು, ರೋಗಿಯ ಒಪ್ಪಿಗೆ. ತನ್ನ ಮೈಯ ಗುಟ್ಟುಗಳು ಯಾರಿಗೆ ತಿಳಿಯಬೇಕು, ಯಾರು ತನ್ನನ್ನು ಮುಟ್ಟಬೇಕು ಎಂದು ಹೇಳುವ ಹಕ್ಕು ಭಾಗೀರಥಿಗೂ ಇದೆ.

ಈ ತಕರಾರುಗಳು ಪ್ರಯೋಗವನ್ನು ತಳ್ಳಿಹಾಕುವುದಕ್ಕಲ್ಲ, ಅದನ್ನು ಪೂರ್ತಿಗೊಳಿಸುವುದಕ್ಕೆ. ಕಲಿಸುವುದೆಂದರೆ ಪ್ರಶ್ನೆ ಕೇಳುವ ಅಧಿಕಾರವನ್ನೂ ಕೊಡುವುದು. ಸಮ್ಮರಿಯ ಕೊನೆಯಲ್ಲಿ ಒಂದು ಪುಟ ಕನ್ನಡದಲ್ಲಿ, ಆರೈಕೆ ಮಾಡುವವರನ್ನೇ ‘ನೀವು’ ಎಂದು ಸಂಬೋಧಿಸಿ ಬರೆಯಲಿ. ಅದನ್ನು ಬರೆಯಲು ವೈದ್ಯರ ಪಕ್ಕದಲ್ಲಿ ಕನ್ನಡ ಬಲ್ಲವರೊಬ್ಬರು ಕೂರಬೇಕಾಗುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದಕ್ಕಿಂತ ತುರ್ತಾದ ಬರವಣಿಗೆಯ ಅಭ್ಯಾಸ ನನಗೆ ಹೊಳೆಯುತ್ತಿಲ್ಲ.