ಜರ್ಮನ್ ಶೆಫರ್ಡ್: ಕವಲೊಡೆದ ತಳಿ

ಜರ್ಮನಿಯ ಪ್ರದರ್ಶನದ ಕಣದಲ್ಲಿ ಓಡುವ ಜರ್ಮನ್ ಶೆಫರ್ಡ್ ನಾಯಿಯ ಬೆನ್ನು ಬಾಲದ ಕಡೆಗೆ ಇಳಿಜಾರಾಗಿರುತ್ತದೆ. ಹಿಂಗಾಲುಗಳು ಆಳವಾಗಿ ಮಡಿದಿರುತ್ತವೆ, ಬಣ್ಣ ಹೆಚ್ಚಾಗಿ ಕಪ್ಪು-ಕೆಂಪು. ಕೆಲಸದ ಪರೀಕ್ಷೆಗಳಲ್ಲಿ ಗೆಲ್ಲುವ ಶೆಫರ್ಡ್ ಬೂದುಗಪ್ಪು ಮೈಯದು, ನೆಟ್ಟಗಿನ ಬೆನ್ನಿನದು, ಒಂದು ಕ್ಷಣ ಸುಮ್ಮನಿರಲಾರದ್ದು. ಇವುಗಳ ಜೊತೆಗೆ ನೀಳ ಮೈಯ ಅಮೆರಿಕದ ಪ್ರದರ್ಶನ ನಾಯಿಯಿದೆ, ದಪ್ಪ ಮೂಳೆಯ ಹಳೆಯ ಪೂರ್ವ ಜರ್ಮನಿಯ ವಂಶವಿದೆ, ಚೆಕೊಸ್ಲೊವಾಕಿಯಾದ ಗಡಿ ಕಾವಲಿಗೆಂದು ಬೆಳೆಸಿದ ವಂಶವೂ ಇದೆ. ಇವೆಲ್ಲ ಒಂದೇ ತಳಿಯೇ? ಇವತ್ತಿಗೆ ಹೌದು ಎಂದೇ ಹೇಳಬೇಕು. ಆದರೆ ಒಂದು ಕವಲಿನ ದೋಷವನ್ನು ಇನ್ನೊಂದರ ರಕ್ತದಿಂದ ತಿದ್ದಿಕೊಳ್ಳುವವರೆಗೆ ಮಾತ್ರ ತಳಿ ಒಂದಾಗಿರುತ್ತದೆ. ಆ ರೂಢಿ ಈಗ ಕೈಬಿಟ್ಟು ಹೋಗುತ್ತಿದೆ.

ರೂಪ ಬೇರೆಯಾದ ಮಾತ್ರಕ್ಕೆ ಗಾಬರಿಪಡಬೇಕಿಲ್ಲ. ಈ ತಳಿ ಹುಟ್ಟಿದ್ದೇ ಭಿನ್ನ ನಾಯಿಗಳ ಕೂಡಿಕೆಯಿಂದ. ಅಶ್ವದಳದ ಅಧಿಕಾರಿಯಾಗಿದ್ದ ಮ್ಯಾಕ್ಸ್ ಫಾನ್ ಸ್ಟೆಫನಿಟ್ಸ್ 1899ರ ಏಪ್ರಿಲ್‌ನಲ್ಲಿ ಕಾರ್ಲ್ಸ್‌ರೂಹದ ಪ್ರದರ್ಶನದಲ್ಲಿ ಒಂದು ಕುರಿನಾಯಿಯನ್ನು ಕೊಂಡು ಹೊರಾಂಡ್ ಎಂದು ಹೆಸರಿಟ್ಟರು. ಅದೇ ತಿಂಗಳು ಈ ತಳಿಯ ಸಂಘವಾದ ಎಸ್‌ವಿಯನ್ನು ಕಟ್ಟಿ, ಹೊರಾಂಡ್‌ನನ್ನು ವಂಶಾವಳಿ ಪುಸ್ತಕದ ಮೊದಲ ನಾಯಿಯಾಗಿ ದಾಖಲಿಸಿದರು. ನೆಟ್ಟಗಿವಿಯ, ಚುರುಕಾದ ಥುರಿಂಗಿಯಾದ ನಾಯಿಗಳನ್ನೂ ದೊಡ್ಡ ಮೈಕಟ್ಟಿನ ವ್ಯೂರ್ಟೆಂಬರ್ಗ್ ನಾಯಿಗಳನ್ನೂ ಬೆಸೆದದ್ದು ಉಪಯೋಗವೆಂಬ ಒಂದೇ ಅಳತೆ. 1920ರ ದಶಕದಲ್ಲಿ ನಾಯಿಗಳು ಅತಿ ಎತ್ತರವಾಗಿ, ಮೈ ಚೌಕವಾಗಿ ಬೆಳೆದಾಗ ಸ್ಟೆಫನಿಟ್ಸ್ 1925ರಲ್ಲಿ ಗಿಡ್ಡ, ಉದ್ದ ಮೈಯ ಕ್ಲೋಡೊ ಫೊಮ್ ಬಾಕ್ಸ್‌ಬರ್ಗ್‌ಗೆ ಅಗ್ರಪಟ್ಟ ಕೊಟ್ಟು ತಳಿಯ ದಿಕ್ಕನ್ನೇ ತಿರುಗಿಸಿದರು. ಆ ತಿರುವಿನ ಒಳಿತು-ಕೆಡುಕುಗಳ ಬಗ್ಗೆ ವಾದ ಮಾಡಬಹುದು. ಆದರೆ ಅಂದು ಒಂದು ತೀರ್ಪು ಇಡೀ ತಳಿಯನ್ನು ಮುಟ್ಟುತ್ತಿತ್ತು.

ಇಂದು ಮುಟ್ಟುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಜರ್ಮನಿ ಇಬ್ಭಾಗವಾದಾಗ ನಾಯಿಗಳೂ ಇಬ್ಭಾಗವಾದವು. ಪಶ್ಚಿಮದ ಪ್ರದರ್ಶನ ತಳಿಗಾರರು 1960-70ರ ದಶಕಗಳಲ್ಲಿ ವೀನೆರಾವ್ ಕೆನೆಲ್‌ನ ಕಾಂಟೊ ಮತ್ತು ಕ್ವಾಂಟೊ, ಪೆಲ್ಟ್ಸ್‌ಟೀರ್‌ಫಾರ್ಮ್‌ನ ಮುಟ್ಸ್ ಮುಂತಾದ ಕೆಲವೇ ಗಂಡುನಾಯಿಗಳ ಮೇಲೆ ತಮ್ಮ ಕವಲನ್ನು ಕಟ್ಟಿದರು. ಕೆಲಸದ ನಾಯಿ ಬೇಕಾದವರು ಬೇರೆ ದಾರಿ ಹಿಡಿದರು. ಎಸ್‌ವಿಯ ನಿಯಮವೇನೋ ಇಬ್ಬರಿಗೂ ಒಂದೇ: ಕ್ಯೋರುಂಗ್ ಎಂಬ ಆಯ್ಕೆಗೆ ಬರುವ ನಾಯಿ ಮೊದಲು ಕೆಲಸದ ಪರೀಕ್ಷೆಯಲ್ಲಿ ಪಾಸಾಗಿರಬೇಕು. ಆದರೂ ಸಂಘದ ಮಹಾಪ್ರದರ್ಶನದಲ್ಲಿ ಬಹುಮಾನ ಪಡೆಯುವ ವಂಶಗಳು ಕೆಲಸದ ಚಾಂಪಿಯನ್‌ಷಿಪ್‌ನಲ್ಲಿ ಕಾಣಸಿಗುವುದೇ ಅಪರೂಪ. ಒಂದು ಕಡೆ ಹೇಗಾದರೂ ದಾಟಿಬಿಡುವ ಹೊಸ್ತಿಲಾಗಿರುವ ಪರೀಕ್ಷೆ ಇನ್ನೊಂದು ಕಡೆ ಸರ್ವಸ್ವವಾಗಿದೆ. ಅಮೆರಿಕದ ಕೆನೆಲ್ ಕ್ಲಬ್ಬಂತೂ ನೋಂದಣಿಗೆ ಯಾವ ಕೆಲಸದ ಪರೀಕ್ಷೆಯನ್ನೂ ಕೇಳುವುದಿಲ್ಲ.

ಎಲ್ಲವೂ ಒಂದೇ ಮೂಲದಿಂದ ಬಂದಿರುವಾಗ ಈ ಚಿಂತೆ ಯಾಕೆ ಎನ್ನುವವರಿದ್ದಾರೆ. ಮೂಲ ಒಂದೇ ಆದರೆ ಸಾಲದು ಎಂಬುದಕ್ಕೆ ಬಿಳಿ ಶೆಫರ್ಡ್ ಸಾಕ್ಷಿ. ಬಿಳಿ ಬಣ್ಣವನ್ನು ದೋಷವೆಂದು ಜರ್ಮನಿ ಹೊರಗಿಟ್ಟಿತು. ಉತ್ತರ ಅಮೆರಿಕದಲ್ಲಿ ಉಳಿದ ಬಿಳಿ ನಾಯಿಗಳ ಸಂತತಿಯನ್ನು ಸ್ವಿಟ್ಜರ್ಲೆಂಡ್ 1991ರಲ್ಲಿ ನೋಂದಾಯಿಸತೊಡಗಿತು. 2011ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಸಿಐ ಅದಕ್ಕೆ ಪ್ರತ್ಯೇಕ ತಳಿಯೆಂದು ಪೂರ್ಣ ಮಾನ್ಯತೆ ಕೊಟ್ಟಿತು. ರಕ್ತ ಒಂದೇ ಇದ್ದರೂ ಮನುಷ್ಯರ ಒಂದು ನಿಯಮ ತಳಿಯನ್ನು ಎರಡು ಮಾಡಿತು. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಬಹುಪಾಲು ಶೆಫರ್ಡ್‌ಗಳು ಇಂದು ಮನೆಯ ನಾಯಿಗಳು, ಅವಕ್ಕೆ ಕೆಲಸದ ಪರೀಕ್ಷೆಯ ಭಾಗವಾದ ಕಚ್ಚುವ ಪರೀಕ್ಷೆ ಯಾಕೆ? ಆ ಪರೀಕ್ಷೆ ಅಳೆಯುವುದು ಹಲ್ಲಿನ ಬಲವನ್ನಷ್ಟೇ ಅಲ್ಲ. ಬೆದರಿಕೆಯೆದುರು ನಾಯಿ ಕಂಗೆಡುತ್ತದೆಯೇ, ಉದ್ರೇಕದ ನಡುವೆಯೂ ಒಡೆಯನ ಒಂದು ಮಾತಿಗೆ ಹಿಡಿತ ಬಿಡುತ್ತದೆಯೇ ಎಂಬುದನ್ನು ಅದು ತೋರಿಸಿಕೊಡುತ್ತದೆ. ಮಕ್ಕಳಿರುವ ಮನೆಗೆ ಪುಕ್ಕಲು ನಾಯಿಯಷ್ಟು ಅಪಾಯಕಾರಿ ಬೇರೆ ಇಲ್ಲ.

ಹಾಗಿದ್ದರೆ ಪ್ರದರ್ಶನದ ನಾಯಿಗೊಂದು, ಕೆಲಸದ ನಾಯಿಗೊಂದು ವಂಶಾವಳಿ ಪುಸ್ತಕ ತೆರೆದುಬಿಡಬಹುದಲ್ಲ? ಪ್ರಾಮಾಣಿಕವಾಗಿ ಕಂಡರೂ ಇದು ಅತಿ ಕೆಟ್ಟ ಮದ್ದು. ಕೆಲವೇ ಗಂಡುಗಳ ಮೇಲೆ ನಿಂತ ಕವಲಿಗೆ ಬೇಲಿ ಹಾಕಿದರೆ ಇರುವ ದೋಷಗಳು ಒಳಗೇ ಗಟ್ಟಿಯಾಗುತ್ತವೆ. ಪ್ರದರ್ಶನದ ನಾಯಿಗೆ ನೆಟ್ಟಗಿನ ಬೆನ್ನೂ ಗಟ್ಟಿ ಎದೆಯೂ ಬೇಕು. ಕೆಲಸದ ಕವಲಿಗೆ ಮನೆಯಲ್ಲಿ ನೆಮ್ಮದಿಯಾಗಿ ಮಲಗುವ ಗುಣ ಬೇಕು. ಕೂಡಿಸಿದರೆ ಏನಾಗುತ್ತದೆಂಬುದಕ್ಕೆ ಪೂರ್ವ ಜರ್ಮನಿಯ ವಂಶವನ್ನೇ ನೋಡಬಹುದು: ಸೊಂಟದ ಕೀಲಿನ ವಿಷಯದಲ್ಲಿ ಕಟ್ಟುನಿಟ್ಟಾಗಿ ಆಯ್ದು ಬೆಳೆಸಿದ ಆ ನಾಯಿಗಳನ್ನು 1990ರ ಏಕೀಕರಣದ ನಂತರ ಉಳಿದ ಕಡೆಯ ಕೆಲಸದ ತಳಿಗಾರರು ಬಯಸಿ ತಂದು ತಮ್ಮ ವಂಶಕ್ಕೆ ಸೇರಿಸಿಕೊಂಡರು. ಪ್ರದರ್ಶನದ ಬೇಲಿಯಾಚೆಗೂ ಇದು ನಡೆಯಬೇಕು. ಅಡ್ಡಿಯಿರುವುದು ಬಹುಮಾನದ ಲೆಕ್ಕಾಚಾರದಲ್ಲಿ: ಎರಡು ಕವಲು ಕೂಡಿಸಿದ ಮೊದಲ ಮರಿಗಳು ಒಂದೇ ಹದದಲ್ಲಿರುವುದಿಲ್ಲ, ಎರಡೂ ಕಣಗಳಲ್ಲಿ ಸೋಲುತ್ತವೆ. ಆದ್ದರಿಂದ ಬದಲಾವಣೆ ತೀರ್ಪುಗಾರರಿಂದಲೇ ಶುರುವಾಗಬೇಕು. ಅಪರಿಚಿತ ಜಾಗದಲ್ಲಿ, ಅಪರಿಚಿತ ಪರೀಕ್ಷಕನೆದುರು ನಿಂತು ತೋರಿಸದ ನಾಯಿಗೆ, ಎಷ್ಟೇ ಸೊಗಸಾಗಿ ಓಡಿದರೂ, ಸಂಘ ಅಗ್ರಪಟ್ಟ ಕೊಡಬಾರದು.