ಸಿಟ್ಟು ಬಂತು ಎನ್ನುವ ಭಾಷೆಯಲ್ಲಿ

ಕನ್ನಡದಲ್ಲಿ ನಮಗೆ ಸಿಟ್ಟು ಬರುತ್ತದೆ. ಅಳು ಬರುತ್ತದೆ, ನಾಚಿಕೆಯಾಗುತ್ತದೆ, ಬೇಜಾರು ಹತ್ತಿಕೊಳ್ಳುತ್ತದೆ. ವಾಕ್ಯದಲ್ಲಿ ಕರ್ತೃವಿನ ಜಾಗ ಹಿಡಿದು ಕೂತಿರುವುದು ಸಿಟ್ಟು. 'ನನಗೆ' ಎಂದು ಚತುರ್ಥಿ ವಿಭಕ್ತಿ ಹಚ್ಚಿಕೊಂಡು ಪಕ್ಕಕ್ಕೆ ನಿಂತವರು ನಾವು. ಶಾಲೆಯಲ್ಲಿ ಓದಿ ಮರೆತಿದ್ದ ಈ ವ್ಯಾಕರಣ ನನಗೆ ಮತ್ತೆ ನೆನಪಾದದ್ದು ಮೈಕೆಲ್ ವೈಟ್ ಮತ್ತು ಡೇವಿಡ್ ಎಪ್‌ಸ್ಟನ್ ಬರೆದ 'ನೆರೇಟಿವ್ ಮೀನ್ಸ್ ಟು ಥೆರಪ್ಯೂಟಿಕ್ ಎಂಡ್ಸ್' ಓದುವಾಗ.

1990ರಲ್ಲಿ ಬಂದ ಈ ಪುಸ್ತಕದಿಂದಲೇ ನೆರೇಟಿವ್ ಥೆರಪಿ ಹೊರಜಗತ್ತಿಗೆ ಪರಿಚಯವಾದದ್ದು. ವೈಟ್ ಆಸ್ಟ್ರೇಲಿಯಾದ ಅಡಿಲೇಡಿನವರು, ಎಪ್‌ಸ್ಟನ್ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಕೆಲಸ ಮಾಡಿದವರು. ಇಬ್ಬರೂ ಕುಟುಂಬಗಳನ್ನು ಕೂರಿಸಿಕೊಂಡು ಮಾತಾಡುವ ಥೆರಪಿಸ್ಟರು. ಪುಸ್ತಕದ ಬಹುಪಾಲು ಅವರು ತಮ್ಮ ಬಳಿಗೆ ಬಂದವರಿಗೆ ಬರೆದ ಪತ್ರಗಳು. ಹಿಂದಿನ ವರ್ಷ ಇದೇ ಪುಸ್ತಕ ಅಡಿಲೇಡಿನಲ್ಲಿ 'ಲಿಟರೇಟ್ ಮೀನ್ಸ್' ಎಂಬ ಹೆಸರಲ್ಲಿ ಅಚ್ಚಾಗಿತ್ತು. ಹಳೆಯ ಹೆಸರೇ ಹೆಚ್ಚು ನಿಜ ಎಂದು ನನ್ನ ಭಾವನೆ. ಫೂಕೋ, ಗೀರ್ಟ್ಸ್, ಬ್ರೂನರ್ ಅವರಿಂದ ಎರವಲು ಪಡೆದ ಈ ವಿಧಾನ ಮೂಲದಲ್ಲಿ ಓದುವ ಒಂದು ಕ್ರಮ. ಆದ್ದರಿಂದಲೇ ಮನಃಶಾಸ್ತ್ರ ಗೊತ್ತಿಲ್ಲದ, ಕತೆ ಕಾದಂಬರಿ ಓದಿಕೊಂಡು ಬಂದ ನನ್ನಂಥವನೂ ಅದರ ಬಗ್ಗೆ ಮಾತಾಡುವ ಧೈರ್ಯ ಮಾಡಬಹುದು.

ಪುಸ್ತಕದಲ್ಲಿ ಬಟ್ಟೆಯಲ್ಲೇ ಕಕ್ಕ ಮಾಡಿಕೊಳ್ಳುವ ಆರು ವರ್ಷದ ಹುಡುಗನೊಬ್ಬ ಬರುತ್ತಾನೆ. ಹಲವು ಕಡೆ ತೋರಿಸಿಯೂ ಪ್ರಯೋಜನವಾಗಿರಲಿಲ್ಲ. ವೈಟ್ ಹುಡುಗನಿಗೆ ಹೆಸರಿಡಲಿಲ್ಲ, ತೊಂದರೆಗೆ ಇಟ್ಟರು: 'ಸ್ನೀಕಿ ಪೂ'. ಕನ್ನಡದಲ್ಲಿ 'ಕಳ್ಳ ಕಕ್ಕ' ಅನ್ನಬಹುದು. ಇಂಗ್ಲಿಷಿಗಿಂತ ಇದೇ ಚೆನ್ನಾಗಿದೆ. ಈ ಕಳ್ಳ ಕಕ್ಕ ಅಪ್ಪನನ್ನು ಸ್ನೇಹಿತರಿಂದ ಹೇಗೆ ದೂರ ಮಾಡಿತು, ತಾನು ಒಳ್ಳೆಯ ತಾಯಿಯೇ ಅಲ್ಲ ಎಂದು ಅಮ್ಮನಿಗೆ ಹೇಗೆ ಅನ್ನಿಸುವಂತೆ ಮಾಡಿತು ಎಂದು ವೈಟ್ ಒಂದೊಂದಾಗಿ ಕೇಳುತ್ತಾರೆ. ಆಮೇಲೆ ಪ್ರಶ್ನೆಯನ್ನು ತಿರುಗಿಸುತ್ತಾರೆ: ಅದು ಮೋಸ ಮಾಡಲು ಬಂದಾಗ ನೀನು ಒಪ್ಪದೆ ಇದ್ದದ್ದು ಯಾವಾಗಲಾದರೂ ಉಂಟೇ? ಉಂಟು. ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಕೆಲವು ಸಲ. ಮುಖ್ಯ ಕತೆಯೊಳಗೆ ಸೇರದೆ ಅಂಚಿನಲ್ಲಿ ಬಿದ್ದಿದ್ದ ಇಂಥ ಗಳಿಗೆಗಳನ್ನು ಎತ್ತಿಕೊಂಡು, ಆಗ ಏನು ಮಾಡಿದೆ, ಅದು ನಿನ್ನ ಬಗ್ಗೆ ಏನು ಹೇಳುತ್ತದೆ ಎಂದು ಕೇಳುತ್ತಾ ಅಲ್ಲಿಂದ ಇನ್ನೊಂದು ಕತೆಯನ್ನು ಬೆಳೆಸುವುದೇ ನೆರೇಟಿವ್ ಥೆರಪಿಯ ಕೆಲಸ.

ಇಂಗ್ಲಿಷಿನ 'ಐ ಆಮ್ ಡಿಪ್ರೆಸ್ಡ್' ಎನ್ನುವ ವಾಕ್ಯದಲ್ಲಿ ಮನುಷ್ಯನೂ ಕಾಯಿಲೆಯೂ ಅಂಟಿಕೊಂಡಿವೆ. ಅವೆರಡನ್ನು ಬಿಡಿಸಲು ವೈಟ್ ಪಟ್ಟ ಶ್ರಮದಲ್ಲಿ ಅರ್ಧವನ್ನು ಕನ್ನಡದ ಚತುರ್ಥಿ ವಿಭಕ್ತಿ ಆಗಲೇ ಮಾಡಿಟ್ಟಿದೆ ಎಂದು ನನಗೆ ಮೊದಲು ಖುಷಿಯಾಯಿತು. ಆ ಖುಷಿಯ ಜೊತೆಗೆ ಎರಡು ಅನುಮಾನಗಳೂ ಬಂದವು. ಒಂದು, ಇದೇ ಭಾಷೆಯಲ್ಲಿ ಮುಂಗೋಪಿ, ಅಂಜುಬುರುಕ, ಅಳುಬುರುಕಿ ಎಂಬ ಮಾತುಗಳೂ ಇವೆ. ಬಂದು ಹೋಗಬಹುದಾದ ಸಿಟ್ಟನ್ನು ಮನುಷ್ಯನ ಮೈಗೇ ಹೊಲಿದುಬಿಡುವ ಮಾತುಗಳು ಅವು. ಈಗ 'ನಾನು ತುಂಬಾ ಆಂಕ್ಷಿಯಸ್' ಎಂಬುದೂ ಆ ಸಾಲಿಗೆ ಸೇರಿದೆ. ಇನ್ನೊಂದು ಹೆಚ್ಚು ಗಂಭೀರ. 'ಸಿಟ್ಟು ಬಂತು, ಹೊಡೆದುಬಿಟ್ಟೆ' ಎಂದು ಎಷ್ಟು ಗಂಡಸರು ಹೇಳಿಲ್ಲ? ಬಂದದ್ದು ಸಿಟ್ಟು, ಹಾಗಾದರೆ ಹೊಡೆದದ್ದು ಯಾರು? ಸಮಸ್ಯೆಯನ್ನು ಮನುಷ್ಯನಿಂದ ಹೊರಗಿಟ್ಟರೆ ಹೊಣೆಯೂ ಅದರ ಜೊತೆ ಹೊರಗೆ ಹೋಗುವ ಅಪಾಯ ಇದು. ಅಡಿಲೇಡಿನವರಿಗೆ ಇದು ಗೊತ್ತಿತ್ತು. ಹಿಂಸೆ ಮಾಡುವ ಗಂಡಸರ ಜೊತೆಗಿನ ಕೆಲಸದ ಬಗ್ಗೆ ಆಲನ್ ಜೆಂಕಿನ್ಸ್ ಬರೆದ ಪುಸ್ತಕವನ್ನು ಅದೇ 1990ರಲ್ಲಿ ವೈಟ್ ಅವರ ಡಲ್ವಿಚ್ ಸೆಂಟರ್ ಪ್ರಕಟಿಸಿತು. ಅದರ ಹೆಸರಿನಲ್ಲೇ 'ಹೊಣೆ' ಇದೆ. ಎಂದರೆ ವ್ಯಾಕರಣದಿಂದಲೇ ಚಿಕಿತ್ಸೆಯಾಗುವುದಿಲ್ಲ. 'ಸಿಟ್ಟು ಬಂತು' ಎಂದಮೇಲೆ ಬರುವ ಮುಂದಿನ ಪ್ರಶ್ನೆ ಯಾವುದು, ಅದನ್ನು ಕೇಳುವವರು ಯಾರು ಎಂಬುದರಲ್ಲಿ ಎಲ್ಲವೂ ಇದೆ.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕತೆಯೊಂದು ಈ ಪ್ರಶ್ನೆಯ ಮೇಲೇ ನಿಂತಿದೆ. ಒಬ್ಬ ಹೆಂಗಸಿಗೆ ಒಂದು ಕತೆಯೂ ಒಂದು ಹಾಡೂ ಗೊತ್ತು, ಯಾರಿಗೂ ಹೇಳುವುದಿಲ್ಲ. ಅವಳು ಮಲಗಿದ್ದಾಗ ಅವೆರಡೂ ಬಾಯಿಂದ ತಪ್ಪಿಸಿಕೊಂಡು, ಕತೆ ಬಾಗಿಲಲ್ಲಿ ಒಂದು ಜೊತೆ ಗಂಡಸಿನ ಪಾದರಕ್ಷೆಯಾಗಿ, ಹಾಡು ಗೂಟಕ್ಕೆ ತೂಗಿದ ಅಂಗಿಯಾಗಿ ಕೂರುತ್ತವೆ. ಗಂಡ ಜಗಳ ತೆಗೆದು, ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಅಲ್ಲಿ ಊರಿನ ದೀಪಗಳು ಸೇರಿ ಆಡುವ ಮಾತಿನಿಂದ ನಿಜ ತಿಳಿಯುತ್ತದೆ. ಗಿರೀಶ ಕಾರ್ನಾಡರ 'ನಾಗಮಂಡಲ'ದ ಮೊದಲ ಭಾಗ ಓದಿದವರಿಗೆ ಈ ದೀಪಗಳು ಪರಿಚಿತ. ಹೇಳದೆ ಉಳಿದ ಕತೆ ಸೇಡು ತೀರಿಸಿಕೊಳ್ಳುತ್ತದೆ ಎಂದು ಇದನ್ನು ಸಾಮಾನ್ಯವಾಗಿ ಓದುತ್ತೇವೆ. ನನ್ನ ಕಣ್ಣು ಹೋಗುವುದು ಗಂಡನ ಮೇಲೆ. ಅವನು ಮೊದಲು ಕೇಳಿದ್ದು 'ಈ ಪಾದರಕ್ಷೆ ಯಾರದು?' ಎಂದು. ಗುಡಿಯಿಂದ ವಾಪಸಾಗಿ 'ಏನದು ನಿನ್ನ ಕತೆ?' ಎಂದು ಸರಿಯಾದ ಪ್ರಶ್ನೆ ಕೇಳುವ ಹೊತ್ತಿಗೆ ಅವಳಿಗೆ ಕತೆಯೂ ನೆನಪಿಲ್ಲ, ಹಾಡೂ ನೆನಪಿಲ್ಲ.

ಕೇಳುವವರನ್ನು ಹುಡುಕಿಕೊಂಡು ನಾನೂ ಹೋಗಿದ್ದೇನೆ. ಮೊದಲ ಕಡೆ, 'ರಾತ್ರಿ ಹೊತ್ತು ಜೀವ ಕುಟುಕುತ್ತೆ' ಎಂದದ್ದಕ್ಕೆ ಹತ್ತು ನಿಮಿಷದೊಳಗೆ 'ನೆಗೆಟಿವ್ ಥಿಂಕಿಂಗ್' ಎಂಬ ಹೆಸರು ಬಂತು. ಉಳಿದ ಹೊತ್ತೆಲ್ಲ ಅದಕ್ಕೆ ಪರಿಹಾರ. ಎರಡನೆಯವರು 'ಕುಟುಕುತ್ತೆ ಅಂದ್ರೆ ಹೇಗೆ? ಚೇಳಿನ ಥರಾನಾ?' ಎಂದು ಕೇಳಿದರು. ಅಲ್ಲ, ಹಕ್ಕಿಯ ಥರ ಅಂದೆ. ಯಾವತ್ತು ಬರಲ್ಲ ಆ ಹಕ್ಕಿ, ಎಂದರು. ಅವರು ಯಾವ ಪದ್ಧತಿಯವರು ಎಂದು ನಾನು ವಿಚಾರಿಸಲೇ ಇಲ್ಲ.

ಬೆಂಗಳೂರಿನಲ್ಲಿ ಈಗ ಹೊಸ ಹೊಸ ಥೆರಪಿಗಳ ಹೆಸರು ಬೋರ್ಡುಗಳ ಮೇಲೆ ಕಾಣಿಸುತ್ತಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ಹೆಸರು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿಯಲ್ಲಿ ಇರಬೇಕು, ಅದನ್ನು ನೋಡಬಹುದು. ನೆರೇಟಿವ್ ಥೆರಪಿಯ ಹೆಸರು ಹೇಳುವವರಾದರೆ ಎಲ್ಲಿ ಕಲಿತಿರಿ, ಈಗ ಯಾರ ಮೇಲ್ವಿಚಾರಣೆಯಲ್ಲಿದ್ದೀರಿ ಎಂದು ಕೇಳುವುದರಲ್ಲಿ ಅಗೌರವವೇನಿಲ್ಲ. ಈ ವಿಧಾನಕ್ಕಿರುವ ಸಂಶೋಧನೆಯ ಬೆಂಬಲ ಸಿಬಿಟಿಗೆ ಇರುವಷ್ಟಿಲ್ಲ ಎಂಬುದನ್ನು ಮುಚ್ಚಿಡದವರು ಸಿಕ್ಕರೆ ಒಳ್ಳೆಯದು. ಸಾಯುವ ಯೋಚನೆ ಬರುತ್ತಿದ್ದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ ಮನೋವೈದ್ಯರನ್ನು ನೋಡುವುದು ತಡವಾಗಬಾರದು. ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಮಾತ್ರೆಗೂ ಕತೆಗೂ ಜಗಳವಿಲ್ಲ.

ಭಾಷೆಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. 'ಕನ್ನಡ ಬರುತ್ತಾ?' ಎಂದು ಕೇಳಿದರೆ ಎಲ್ಲರೂ ಬರುತ್ತೆ ಅನ್ನುತ್ತಾರೆ. ಮೊದಲ ಭೇಟಿಯಲ್ಲಿ ಗಮನಿಸಬೇಕಾದದ್ದು ಬೇರೆ: ನೀವು ಹೇಳಿದ ಮಾತನ್ನು ಅವರು ನಿಮ್ಮ ಮಾತಿನಲ್ಲೇ ವಾಪಸು ಹೇಳುತ್ತಾರೋ, ಇಂಗ್ಲಿಷಿನ ಕಾಯಿಲೆಯ ಹೆಸರಿಗೆ ಬದಲಾಯಿಸಿ ಹೇಳುತ್ತಾರೋ. ಧಾರವಾಡದವರು 'ತ್ರಾಸ ಆಗತೈತ್ರಿ' ಎಂದದ್ದೂ ಮಂಡ್ಯದವರು 'ಬ್ಯಾಸರ ಕಣಣ್ಣ' ಎಂದದ್ದೂ ಫೈಲಿನಲ್ಲಿ ಒಂದೇ ಪದವಾಗಿ ಕೂತರೆ, ಅಂಚಿನಲ್ಲಿದ್ದ ಗಳಿಗೆಗಳನ್ನು ಎಲ್ಲಿ ಹುಡುಕುವುದು?

ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು. ಎಪ್‌ಸ್ಟನ್ ಭೇಟಿ ಮುಗಿದ ಮೇಲೆ ತಾವು ಕೇಳಿಸಿಕೊಂಡದ್ದನ್ನು ಬಂದವರಿಗೇ ಪತ್ರವಾಗಿ ಬರೆದು ಕಳಿಸುತ್ತಿದ್ದರು. ತಪ್ಪಿದ್ದರೆ ಅವರು ತಿದ್ದಬಹುದಿತ್ತು. ನಮ್ಮಲ್ಲೂ 2017ರ ಮಾನಸಿಕ ಆರೋಗ್ಯ ಕಾಯಿದೆ ತನ್ನ ವೈದ್ಯಕೀಯ ದಾಖಲೆಗಳನ್ನು ನೋಡುವ ಹಕ್ಕನ್ನು ಕೊಟ್ಟಿದೆ. 'ನೀವು ಬರೆದುಕೊಂಡಿದ್ದನ್ನ ನನಗೂ ಸ್ವಲ್ಪ ಓದಿ ಹೇಳ್ತೀರಾ ಮೇಡಂ?' ಎಂದು ಕೇಳಿ, ಅವರು ಫೈಲನ್ನು ಯಾವ ಕಡೆಗೆ ತಿರುಗಿಸುತ್ತಾರೆ ನೋಡಿ.